ಠಾಣೆಯಲ್ಲಿ ಕೋವಿ, ತೋಟದಲ್ಲಿ ಉರುಳು



ಚುನಾವಣೆ ಘೋಷಣೆಯಾದ ಮರುವಾರ ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳ ಯಾವುದಾದರೊಂದು ಪೊಲೀಸ್ ಠಾಣೆಯ ಎದುರು ಬೆಳಗಿನ ಹತ್ತು ಗಂಟೆಗೆ ನಿಂತು ನೋಡಿ. ಗೋಣಿಚೀಲದಲ್ಲಿ ಸುತ್ತಿದ, ಹಳೆಯ ಪಂಚೆಯಲ್ಲಿ ಬಿಗಿದ ಉದ್ದನೆಯ ಗಂಟುಗಳನ್ನು ಹಿಡಿದ ಹಿರಿಯರು ಒಬ್ಬರ ಹಿಂದೊಬ್ಬರಂತೆ ಬಂದು ನಿಲ್ಲುತ್ತಾರೆ. ಕೆಲವರು ಬಸ್ಸಿನಲ್ಲಿ, ಕೆಲವರು ಮೊಮ್ಮಗನ ಬೈಕಿನ ಹಿಂದೆ ಕುಳಿತು ಬಂದವರು. ಗಂಟು ಬಿಚ್ಚಿದರೆ ಒಳಗಿರುವುದು ಒಂದು ಒಂಟಿ ನಳಿಗೆಯ ಕೋವಿ. ಎಷ್ಟೋ ಸಲ ಅದು ಕೋವಿಯನ್ನು ತಂದವರಿಗಿಂತಲೂ ಹಳೆಯದು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಸರಳಿನಿಂದ ಜಡಿದು, ಕೊನೆಗೆ ಕೇಪು ಇಟ್ಟು ಹೊಡೆಯಬೇಕಾದ ಆಯುಧ. ಒಂದು ಈಡು ಹೊಡೆದು ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಮಂಗಗಳ ಹಿಂಡು ಪಕ್ಕದವರ ತೋಟವನ್ನೂ ದಾಟಿ ಹೋಗಿರುತ್ತದೆ. ಪ್ರಜಾಪ್ರಭುತ್ವದ ರಕ್ಷಣೆಗಾಗಿ ಈ ಆಯುಧವನ್ನು ಠಾಣೆಯ ಕೋಣೆಯೊಂದರಲ್ಲಿ ಇಟ್ಟು ಬೀಗ ಹಾಕುತ್ತಾರೆ.

ನನ್ನ ತಂದೆಯವರೂ ಹೀಗೆ ಸಾಲಿನಲ್ಲಿ ನಿಂತವರೇ. ಬಾಲ್ಯದಲ್ಲಿ ಅವರ ಜೊತೆ ಹೋದ ನೆನಪಿದೆ. ಒಂದು ಮಳೆಗಾಲದ ಆರಂಭದಲ್ಲಿ ಕೋವಿ ಮರಳಿ ಮನೆಗೆ ಬಂದಾಗ ನಳಿಗೆಯ ಒಳಗೆಲ್ಲ ತುಕ್ಕು ಹಿಡಿದಿತ್ತು. ಹಿಡಿಯ ಮರ ಒಡೆದಿತ್ತು. ತಂದೆಯವರು ಏನೂ ಮಾತಾಡದೆ ಎರಡು ದಿನ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರು. ತುಕ್ಕು ಹಿಡಿದ ನಳಿಗೆ ಹೊಡೆದವನ ಮುಖಕ್ಕೇ ಸಿಡಿಯಬಹುದೆಂಬುದು ಅವರಿಗೆ ಗೊತ್ತಿತ್ತು. ದೂರು ಕೊಡಬಹುದೆಂಬ ವಿಚಾರ ಮಾತ್ರ ಅವರ ತಲೆಗೇ ಬಂದಿರಲಾರದು.

ಒಬ್ಬ ಧರ್ಮಗುರು ಕೋವಿಯ ಕುರಿತು ಏಕೆ ಬರೆಯಬೇಕು ಎಂದು ತಾವು ಕೇಳಬಹುದು. ಕಳೆದ ಕೆಲವು ವರ್ಷಗಳಲ್ಲಿ ಧರ್ಮಕೇಂದ್ರದ ಮನೆಗಳನ್ನು ಭೇಟಿಮಾಡಿದಾಗ ನಾನು ಕಂಡ ಸಂಗತಿಗಳೇ ಇದನ್ನು ಬರೆಸುತ್ತಿವೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಪರವಾನಗಿಯುಳ್ಳ ಕೋವಿಯನ್ನು ಪ್ರತಿ ಚುನಾವಣೆಯಲ್ಲಿಯೂ ಎಲ್ಲರಿಂದಲೂ ಕಿತ್ತುಕೊಳ್ಳುವ ಪದ್ಧತಿ ಅನ್ಯಾಯದ್ದು ಮಾತ್ರವಲ್ಲ, ಅಪಾಯಕಾರಿಯೂ ಹೌದು; ಆದರೆ ಆ ಅನ್ಯಾಯಕ್ಕೆ ಉತ್ತರವಾಗಿ ನಮ್ಮ ಜನ ಹಿಡಿದಿರುವ ದಾರಿ ಅದಕ್ಕಿಂತಲೂ ಕೆಟ್ಟದ್ದು. ಮೊದಲನೆಯದಕ್ಕೆ ಸರಕಾರ ಉತ್ತರ ಹೇಳಬೇಕು. ಎರಡನೆಯದಕ್ಕೆ ನಾವೇ ಹೇಳಬೇಕು.

ದಿನಗಳ ಲೆಕ್ಕವನ್ನೇ ನೋಡಿ. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ರಂದು. ಉತ್ತರ ಕನ್ನಡದಲ್ಲಿ ಮತದಾನ ನಡೆದದ್ದು ಮೇ 7ರಂದು. ಮತ ಎಣಿಕೆ ಜೂನ್ 4ರಂದು. ಠೇವಣಿಯಿಟ್ಟ ಆಯುಧಗಳನ್ನು ಫಲಿತಾಂಶ ಬಂದು ಒಂದು ವಾರವಾದ ಮೇಲೆ ಹಿಂದಿರುಗಿಸಬೇಕೆಂಬುದು ಕ್ರಮ. ಎಲ್ಲ ಸೇರಿ ಹೆಚ್ಚುಕಡಿಮೆ ಮೂರು ತಿಂಗಳು. ಅದರ ಹಿಂದಿನ ವರ್ಷ, 2023ರಲ್ಲಿ, ವಿಧಾನಸಭಾ ಚುನಾವಣೆ: ಮಾರ್ಚ್ 29ರ ಘೋಷಣೆ, ಮೇ 13ರ ಫಲಿತಾಂಶ. 2018ರಲ್ಲಿಯೂ 2019ರಲ್ಲಿಯೂ ಇದೇ ಋತು. ಈ ನಡುವೆ ಪಂಚಾಯತ ಚುನಾವಣೆಗಳು ಬೇರೆ. ಮಾರ್ಚ್ ತಿಂಗಳಿಂದ ಮೇ ತಿಂಗಳವರೆಗೆ ನಮ್ಮ ಕರಾವಳಿಯ ತೋಟಗಳಲ್ಲಿ ಏನಿರುತ್ತದೆಂದು ಮತದಾರರ ಪಟ್ಟಿ ಹಿಡಿದು ಓಡಾಡುವವರಿಗೆ ಗೊತ್ತಿರಲಿಕ್ಕಿಲ್ಲ. ಅಡಿಕೆ ಮರದ ಸಿಂಗಾರ ಒಡೆಯುವುದು ಆಗ; ಎಳೆಗಾಯಿ ಕಚ್ಚುವುದೂ ಆಗಲೇ. ಮಂಗ ಒಂದು ಸಿಂಗಾರವನ್ನು ಕಿತ್ತು ಚೆಲ್ಲಿತೆಂದರೆ ಮುಂದಿನ ವರ್ಷದ ಒಂದು ಗೊನೆ ಹೋಯಿತು. ಎಳನೀರು ಬಲಿಯುವ ಕಾಲವೂ ಅದೇ. ಬಾಳೆ ಹೇಗೂ ವರ್ಷವಿಡೀ ಇರುತ್ತದೆ. ಗದ್ದೆಯಲ್ಲಿ ಶೇಂಗಾ, ಕಲ್ಲಂಗಡಿ ಹಾಕಿದವರಿಗೆ ರಾತ್ರಿಯಿಡೀ ಹಂದಿಯ ಚಿಂತೆ. ಗೇರುಸೊಪ್ಪೆಯ ಕಡೆಯ ಕಣಿವೆಗಳಲ್ಲಾಗಲಿ, ಅಘನಾಶಿನಿಯ ದಂಡೆಯ ಮೇಲಿನ ಊರುಗಳಲ್ಲಾಗಲಿ, ಭಟ್ಕಳದ ಪೂರ್ವಕ್ಕಿರುವ ಗುಡ್ಡಗಾಡಿನಲ್ಲಾಗಲಿ ಕಾಡೇ ತೋಟದ ಬೇಲಿ. ಜಿಲ್ಲೆಯ ಮುಕ್ಕಾಲಿಗೂ ಹೆಚ್ಚು ಭೂಮಿ ಅರಣ್ಯವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಆ ಅರಣ್ಯದ ಅಂಚಿನಲ್ಲಿ ಎರಡು ಎಕರೆ ಇಟ್ಟುಕೊಂಡವನ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ? ಇಲ್ಲಿ ತಾವು ಸ್ವಲ್ಪ ತಾಳ್ಮೆಯಿಂದ ಓದಬೇಕು, ಏಕೆಂದರೆ ನಮ್ಮ ರೈತರಲ್ಲಿ ಹೆಚ್ಚಿನವರಿಗೆ ತಮ್ಮ ಪರವಾದ ಕಾನೂನೇ ತಿಳಿದಿಲ್ಲ. 1959ರ ಆಯುಧ ಅಧಿನಿಯಮದ 13ನೆಯ ಕಲಮಿನಲ್ಲಿ, ಪ್ರಾಮಾಣಿಕವಾದ ಬೆಳೆ ರಕ್ಷಣೆಗಾಗಿ ನಾಗರಿಕನೊಬ್ಬನು ಬಾಯಿಮದ್ದಿನ ಕೋವಿಯನ್ನು ಕೇಳಿದರೆ, ಬೇರೆ ಅಡ್ಡಿಗಳಿಲ್ಲದಿದ್ದಲ್ಲಿ, ಪರವಾನಗಿಯನ್ನು ಕೊಡತಕ್ಕದ್ದು ಎಂದಿದೆ, ಕೊಡಬಹುದು ಎಂದಿಲ್ಲ. ಬಾಯಿಮದ್ದಿನ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ಕೋವಿಗೂ ಪರವಾನಗಿ ನೀಡಬಹುದೆಂದು ಅಲ್ಲಿಯೇ ಸೇರಿಸಲಾಗಿದೆ. ಅಂದರೆ ಶಾಸನವನ್ನು ರಚಿಸಿದವರಿಗೆ ರೈತನೂ ಗೊತ್ತಿದ್ದ, ಅವನ ಹಂದಿ ಮಂಗಗಳೂ ಗೊತ್ತಿದ್ದವು. ಬ್ರಿಟಿಷರ 1878ರ ಕಾಯಿದೆ ಭಾರತೀಯನನ್ನು ಸಂಶಯದಿಂದಲೇ ಕಂಡಿತ್ತು. ಆ ಸಂಶಯವನ್ನು ಕಳಚುವ ಉದ್ದೇಶದಿಂದ ಸ್ವತಂತ್ರ ಭಾರತವು 1959ರ ಕಾಯಿದೆಯನ್ನು ತಂದಿತು. ಕಾಯಿದೆ ಬದಲಾಯಿತು, ಸಂಶಯ ಮಾತ್ರ ಕಚೇರಿಗಳಲ್ಲಿ ಉಳಿದುಕೊಂಡಿತು.

ಚುನಾವಣಾ ಆಯೋಗದ ನಿರ್ದೇಶನವನ್ನೂ ನೋಡಿ. ಎಲ್ಲ ಪರವಾನಗಿದಾರರಿಂದಲೂ ಕೋವಿಗಳನ್ನು ಕಿತ್ತುಕೊಳ್ಳಿ ಎಂದು ಅದು ಹೇಳಿಲ್ಲ. ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿಗಳನ್ನು ಒಳಗೊಂಡ ಪರಿಶೀಲನಾ ಸಮಿತಿಯು ಒಬ್ಬೊಬ್ಬ ಪರವಾನಗಿದಾರನ ವಿಷಯವನ್ನೂ ಪ್ರತ್ಯೇಕವಾಗಿ ನೋಡಿ, ಯಾರ ಆಯುಧವನ್ನು ಇರಿಸಿಕೊಳ್ಳುವುದು ಅಗತ್ಯವೋ ಅವರದ್ದನ್ನು ಇರಿಸಿಕೊಳ್ಳಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಹಿಂದೆ ದೊಂಬಿಯಲ್ಲಿ, ಅದರಲ್ಲಿಯೂ ಚುನಾವಣಾ ಕಾಲದ ದೊಂಬಿಯಲ್ಲಿ, ಪಾಲ್ಗೊಂಡವರು ಎಂದು ಉದಾಹರಣೆಗಳನ್ನೂ ಆಯೋಗ ಕೊಟ್ಟಿದೆ. ಎಪ್ಪತ್ತು ದಾಟಿದ, ಹೊಂಡದ ನೀರು ಸೇದಿ ತೋಟಕ್ಕೆ ಹಾಯಿಸುವ, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುವ ಅಜ್ಜನೊಬ್ಬ ಇವುಗಳಲ್ಲಿ ಯಾವ ವರ್ಗಕ್ಕೆ ಸೇರುತ್ತಾನೆ? ಆದರೂ ಆದೇಶ ಬರುವುದು ಸಾರಾಸಗಟಾಗಿ. ಬೇಕಾದವರು ವಿನಾಯಿತಿಗೆ ಅರ್ಜಿ ಕೊಡಲಿ ಎನ್ನುತ್ತಾರೆ. ಪರಿಶೀಲಿಸುವ ಹೊಣೆ ಸರಕಾರದ್ದಾಗಿದ್ದಾಗ ಅರ್ಜಿಯ ಹೊಣೆ ಅಜ್ಜನ ಹೆಗಲಿಗೆ ಬಂದದ್ದು ಹೇಗೆ?

ನನ್ನ ಮಾತಿಗೆ ಎದುರಾಗಿ ನಿಲ್ಲುವ ಒಂದು ವಾದವನ್ನು ನಾನು ಮರೆತಿಲ್ಲ. ಇದು ಭಟ್ಕಳವಲ್ಲವೇ, ಎನ್ನುತ್ತಾರೆ. 1993ರಲ್ಲಿ ತಿಂಗಳುಗಟ್ಟಲೆ ಉರಿದ ಊರು. 1996ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿಯೇ, ಶಾಸಕರಾಗಿದ್ದ ಡಾ. ಯು. ಚಿತ್ತರಂಜನ್ ಅವರು ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದ ಊರು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರ, ಕುಮಟಾಗಳಲ್ಲಿ ಏನಾಯಿತೆಂಬುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಅಂಥ ನೆಲದಲ್ಲಿ ಮತದಾನದ ಹೊತ್ತಿಗೆ ಅಧಿಕಾರಿಗಳು ಎಚ್ಚರವಾಗಿರುವುದು ತಪ್ಪೆಂದು ಹೇಳಲಾರೆ. ಆ ದಿನಗಳಲ್ಲಿ ಅಂಗಡಿ ಸುಟ್ಟುಕೊಂಡವರ, ಮಗನನ್ನು ಕಳೆದುಕೊಂಡವರ ಮನೆಗಳಿಗೆ ಹೋದವನು ನಾನು. ಭಯವೆಂದರೇನೆಂದು ಅವರಿಂದ ಕಲಿತಿದ್ದೇನೆ. ಆದರೆ ಗಲಭೆ ಮಾಡುವವನು ನಾರು ತುರುಕಿ ಸರಳಿನಿಂದ ಜಡಿಯುತ್ತ ಕೂರುವುದಿಲ್ಲ. ಅವನ ಕೈಯಲ್ಲಿರುವುದು ಕಲ್ಲು, ಪೆಟ್ರೋಲು, ಕತ್ತಿ. ಇಲ್ಲವೇ ಯಾವ ಠಾಣೆಯ ದಾಖಲೆಯಲ್ಲಿಯೂ ಇಲ್ಲದ ಕಳ್ಳ ಬಂದೂಕು. ದಾಖಲೆಯಲ್ಲಿರುವ ಕೋವಿಯನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಸುಲಭ, ಅದರ ಯಜಮಾನ ತಾನಾಗಿಯೇ ಬಸ್ಸು ಹಿಡಿದು ಬಂದು ಒಪ್ಪಿಸುತ್ತಾನೆ. ದಾಖಲೆಯಲ್ಲಿಲ್ಲದ್ದನ್ನು ಹುಡುಕುವುದು ಕಷ್ಟ. ಸುಲಭವಾದದ್ದನ್ನು ಮಾಡಿ ಕಷ್ಟವಾದದ್ದನ್ನೂ ಮಾಡಿದಂತೆ ವರದಿ ಬರೆಯುವುದಕ್ಕೆ ಶಾಂತಿ ಪಾಲನೆಯೆಂದು ಹೆಸರಿಡಲಾಗದು.

ಇನ್ನು ನಾನು ಹೇಳಬೇಕಾಗಿರುವ ಮುಖ್ಯ ವಿಷಯ. ಕೋವಿ ಠಾಣೆಗೆ ಹೋದ ಮೇಲೆ ತೋಟದಲ್ಲಿ ಏನಾಗುತ್ತದೆ?

ಕೋವಿಯ ಕೆಲಸ ಬಹುಪಾಲು ಸದ್ದಿನ ಕೆಲಸ. ಕಾಡುಹಂದಿಯಾಗಲಿ ಮಂಗವಾಗಲಿ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಯಲ್ಲಿರುವ ಪ್ರಾಣಿಗಳು. ಕೋವಿಗೆ ಪರವಾನಗಿ ಇದೆಯೆಂದ ಮಾತ್ರಕ್ಕೆ ಅವುಗಳನ್ನು ಕೊಲ್ಲುವ ಪರವಾನಗಿ ಬಂದಂತಾಗುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು. ತಿಳಿದ ರೈತ ಚರೆ ಹಾಕದೆ ಬರೀ ಮದ್ದು ತುಂಬಿ ಆಕಾಶಕ್ಕೆ ಹೊಡೆಯುತ್ತಾನೆ. ಕಣಿವೆಯಲ್ಲಿ ಆ ಸದ್ದು ಎರಡು ಮೂರು ಸಲ ಮರುದನಿಗೊಳ್ಳುತ್ತದೆ. ಹಿಂಡು ಒಂದೆರಡು ದಿನ ಆ ಕಡೆ ಸುಳಿಯುವುದಿಲ್ಲ. ಈ ಸದ್ದು ನಿಂತಾಗ ನಮ್ಮವರು ಬೇರೆ ಸದ್ದನ್ನು ಹುಡುಕುತ್ತಾರೆ. ನೀರಿನ ಪೈಪಿನ ತುಂಡುಗಳನ್ನು ಜೋಡಿಸಿ, ಒಳಗೆ ಕಾರ್ಬೈಡಿನ ಹರಳು ಹಾಕಿ, ನೀರು ಚಿಮುಕಿಸಿ, ಅಡುಗೆಮನೆಯ ಲೈಟರಿನಿಂದ ಕಿಡಿ ಹಾರಿಸುವ ಪೈಪುಗನ್ನು ಈಗ ಮನೆಮನೆಯಲ್ಲಿದೆ. ಬೆಲೆ ಕೆಲವೇ ನೂರು ರೂಪಾಯಿ, ಪರವಾನಗಿ ಬೇಕಿಲ್ಲ, ಮೊಬೈಲಿನಲ್ಲಿ ನೋಡಿ ಹೈಸ್ಕೂಲು ಹುಡುಗರೇ ಮಾಡುತ್ತಾರೆ. ಕಿಡಿ ಹೊತ್ತದಿದ್ದಾಗ ಏನಾಯಿತೆಂದು ಪೈಪಿನೊಳಗೆ ಇಣುಕಿ ನೋಡುವುದು ಹುಡುಗರ ಸ್ವಭಾವ. ಹಾಗೆ ಇಣುಕಿದ ಬಾಲಕನೊಬ್ಬ ನಮ್ಮ ಧರ್ಮಕೇಂದ್ರದಲ್ಲಿದ್ದಾನೆ. ಎಡಗಣ್ಣಿನಲ್ಲಿ ಈಗ ಅವನಿಗೆ ಬೆಳಕು ಕತ್ತಲೆಗಳ ವ್ಯತ್ಯಾಸ ಮಾತ್ರ ತಿಳಿಯುತ್ತದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ ಮೊದಲಾದ ಕಡೆಗಳಲ್ಲಿ ಇದೇ ಪೈಪಿನಿಂದ ಅನೇಕ ಮಕ್ಕಳ ಕಣ್ಣಿಗೆ ಗಾಯವಾಗಿ ಅಲ್ಲಿನ ಸರಕಾರ ಅದರ ಮಾರಾಟವನ್ನು ತಡೆದಾಗ ದೇಶವೆಲ್ಲ ಬೆಚ್ಚಿತು. ನಮ್ಮ ಬಾಲಕನ ಸುದ್ದಿ ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಅವನ ತಾಯಿ ನನ್ನೊಡನೆ ಹೇಳಿದ್ದು ಒಂದೇ ಮಾತು: ‘ಫಾದರ್, ಅವತ್ತು ಅಜ್ಜನ ಕೋವಿ ಮನೆಯಲ್ಲಿ ಇದ್ದಿದ್ದರೆ ಇವನು ಆ ಪೈಪು ಮುಟ್ಟುತ್ತಿರಲಿಲ್ಲ.’

ಹೀಗೆಂದು ನಾನು ಸರಕಾರವನ್ನೊಂದೇ ದೂರಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಪೈಪು ಇವುಗಳಲ್ಲಿ ಸಾಧುವಾದದ್ದು.

ಬೈಕಿನ ಕ್ಲಚ್ಚಿನ, ಬ್ರೇಕಿನ ಹಳೆಯ ತಂತಿಗಳನ್ನು ಗ್ಯಾರೇಜಿನಿಂದ ತಂದು ಹಂದಿಯ ದಾರಿಯಲ್ಲಿ ಉರುಳು ಒಡ್ಡುವವರಿದ್ದಾರೆ. ಉರುಳಿಗೆ ಹಂದಿಯೆಂದೂ ಚಿರತೆಯೆಂದೂ ನೆರೆಮನೆಯ ಹಸುವೆಂದೂ ಭೇದವಿಲ್ಲ. ಸಿಕ್ಕಿಬಿದ್ದ ಪ್ರಾಣಿ ಎಳೆದಷ್ಟೂ ತಂತಿ ಸೊಂಟದಲ್ಲಿ ಹುಗಿಯುತ್ತ ಹೋಗುತ್ತದೆ. ಸಾಯಲು ಒಂದು ದಿನವೂ ಆಗಬಹುದು, ಎರಡು ದಿನವೂ ಆಗಬಹುದು. ಗಂಧಕ, ಪೊಟ್ಯಾಶು, ಗಾಜಿನ ಚೂರುಗಳನ್ನು ಉಂಡೆಕಟ್ಟಿ, ಮೇಲೆ ಹಿಟ್ಟನ್ನೋ ಹಣ್ಣನ್ನೋ ಸವರಿ ಇಡುವ ಸಿಡಿಮದ್ದು ಇನ್ನೊಂದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಬಾಯಿ ಛಿದ್ರವಾಗಿ, ನದಿಯ ನೀರಿನಲ್ಲಿ ನಿಂತೇ ಸತ್ತ ಚಿತ್ರವನ್ನು ಜಗತ್ತೇ ನೋಡಿ ಕಣ್ಣೀರಿಟ್ಟಿತು. ನಮ್ಮ ಮನೆಗಳಲ್ಲಿಯೂ ಆ ಚಿತ್ರವನ್ನು ಒಬ್ಬರಿಂದೊಬ್ಬರಿಗೆ ಕಳಿಸಿದರು. ಕಳಿಸಿದವರಲ್ಲಿ ಕೆಲವರ ಕೊಟ್ಟಿಗೆಯ ಅಟ್ಟದ ಮೇಲೆ ಅದೇ ಉಂಡೆಗಳಿದ್ದವು. ಮೂರನೆಯದು ಕರೆಂಟು. ಸೌರಬೇಲಿಯ ತಂತಿಯಲ್ಲಿ ವಿದ್ಯುತ್ತು ಕ್ಷಣಮಾತ್ರ ಮಿಡಿದು ನಿಲ್ಲುತ್ತದೆ, ಮತ್ತೆ ಮಿಡಿಯುತ್ತದೆ. ಮುಟ್ಟಿದವನು ಬೆಚ್ಚಿ ಹಿಂದೆ ಸರಿಯುತ್ತಾನೆ. ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ಎಳೆದ ತಂತಿ ಹಾಗಲ್ಲ, ಅದು ಹಿಡಿದವನನ್ನು ಬಿಡುವುದೇ ಇಲ್ಲ. ರಾಜ್ಯದಲ್ಲಿ ಪ್ರತಿವರ್ಷ ಹಂದಿಗೆಂದು ಎಳೆದ ಇಂಥ ತಂತಿಗೆ ಮನುಷ್ಯರು ಬಲಿಯಾಗುತ್ತಾರೆ. ಸತ್ತವನು ಎಷ್ಟೋ ಸಲ ಆ ತಂತಿ ಎಳೆದವನೇ ಆಗಿರುತ್ತಾನೆ, ಇಲ್ಲವೇ ನಸುಕಿನಲ್ಲಿ ನೀರು ಬಿಡಲು ಹೋದ ಅವನ ಮಗನಾಗಿರುತ್ತಾನೆ.

ಏರ್‌ಗನ್ನಿನ ವಿಷಯವನ್ನೂ ಹೇಳಬೇಕು. ನಿಗದಿತ ಶಕ್ತಿಗಿಂತ ಕಡಿಮೆಯ ಸಣ್ಣ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಅದರ ಗುಂಡು ಮಂಗವನ್ನು ಕೊಲ್ಲುವುದಿಲ್ಲ, ಗಾಯಮಾಡಿ ಕಳಿಸುತ್ತದೆ. ಗಾಯಗೊಂಡ ಮಂಗ ಕಾಡಿನ ಅಂಚಿನಲ್ಲೆಲ್ಲೋ ಬಿದ್ದು ಸತ್ತರೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ತರಗೆಲೆಯಲ್ಲಿ ಹರಡುತ್ತವೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ನಮ್ಮ ಹೊನ್ನಾವರ, ಭಟ್ಕಳದ ಊರುಗಳಿಗೆ ಹೊಸದಲ್ಲ. ಸೊಪ್ಪು ತರಲು, ದರಕು ಗುಡಿಸಲು ಬೆಟ್ಟಕ್ಕೆ ಹೋಗುವವರು ನಮ್ಮ ತಾಯಂದಿರೇ. ಮಂಗನಿಗೆ ಹೊಡೆದವನು ಮನೆಯಲ್ಲಿರುತ್ತಾನೆ, ಜ್ವರ ಬರುವುದು ಅವನ ತಾಯಿಗೆ.

ನಿರ್ಬಂಧ ಬಿಗಿಯಾದಂತೆ ಆಯುಧವುಳ್ಳವರು ಬೇರೆ ದಾರಿ ಹುಡುಕುವುದು ನಮ್ಮ ಕರಾವಳಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಅಮೆರಿಕದಲ್ಲಿ 1994ರಿಂದ 2004ರವರೆಗೆ ಒಂದು ಕೇಂದ್ರ ಕಾನೂನಿತ್ತು. ಕುದುರೆಯೊತ್ತಿದಾಗಲೆಲ್ಲ ತಾನಾಗಿಯೇ ಮುಂದಿನ ಗುಂಡನ್ನು ತುಂಬಿಕೊಳ್ಳುವ ಅರೆಸ್ವಯಂಚಾಲಿತ ಬಂದೂಕುಗಳಲ್ಲಿ ಇಂತಿಂಥ ಲಕ್ಷಣಗಳಿದ್ದರೆ ನಿಷಿದ್ಧ ಎಂದು ಅದು ಹೇಳಿತು. ತಯಾರಕರು ಮೂತಿಯಲ್ಲಿ ಭರ್ಜಿ ಸಿಕ್ಕಿಸುವ ಕೊಂಡಿಯನ್ನು, ಕಿಡಿ ಮರೆಮಾಡುವ ಕೊಳವೆಯನ್ನು ತೆಗೆದುಹಾಕಿ ಅದೇ ಬಂದೂಕನ್ನು ಹೊಸ ಹೆಸರಿನಲ್ಲಿ ಮಾರಿದರು. ಕ್ಯಾಲಿಫೋರ್ನಿಯ ರಾಜ್ಯವು, ಉಪಕರಣದ ನೆರವಿಲ್ಲದೆ ಗುಂಡಿನ ಪೆಟ್ಟಿಗೆಯನ್ನು ಬಿಚ್ಚುವಂತಿರಬಾರದು ಎಂದು ವಿಧಿಸಿದಾಗ, ಗುಂಡಿನ ತುದಿಯನ್ನೇ ಉಪಕರಣವಾಗಿ ಬಳಸಿ ಒತ್ತುವ ಗುಂಡಿಯೊಂದನ್ನು ಜೋಡಿಸಿಕೊಂಡರು. ಅದನ್ನು ಮುಚ್ಚಲು 2016ರಲ್ಲಿ ಇನ್ನೊಂದು ಕಾನೂನು ಬೇಕಾಯಿತು. ಅದಕ್ಕೂ ದಾರಿ ಹುಡುಕಿದರೆನ್ನಿ. ನಮ್ಮ ದೇಶದಲ್ಲಿ ಸೈನ್ಯದ ಮಾದರಿಯ ಬಂದೂಕುಗಳನ್ನು ಸಾಮಾನ್ಯ ನಾಗರಿಕನು ಹೊಂದುವಂತೆಯೇ ಇಲ್ಲ. ಅದು ಒಳ್ಳೆಯದೇ. ಅಮೆರಿಕದ ಶಾಲೆಗಳಿಂದ ಬರುವ ಸುದ್ದಿ ಓದಿದಾಗಲೆಲ್ಲ ನಾನು ಆ ಒಂದು ವಿಷಯದಲ್ಲಿ ನಮ್ಮ ಶಾಸನಕರ್ತರಿಗೆ ಕೃತಜ್ಞನಾಗಿದ್ದೇನೆ.

ಆದರೆ ಬಿಗಿಮಾಡಬೇಕೆಂದಾಗ ಬೇರೆ ದೇಶಗಳು ಹೇಗೆ ಬಿಗಿಮಾಡಿದವು? 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನರ ಹತ್ಯೆಯಾದಾಗ ಆಸ್ಟ್ರೇಲಿಯ ಆರು ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆಯಿತು. ನಿಜವಾದ ಅಗತ್ಯವುಳ್ಳ ಕೃಷಿಕನಿಗೆ ಪ್ರತ್ಯೇಕ ವರ್ಗದ ಪರವಾನಗಿಯನ್ನು ಉಳಿಸಿತು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ಸೇರಿದ್ದ 51 ಜನರನ್ನು ಒಬ್ಬನೇ ದ್ವೇಷಿ ಕೊಂದ. ಒಂದು ತಿಂಗಳೊಳಗೆ ಆ ದೇಶದ ಸಂಸತ್ತು ಅರೆಸ್ವಯಂಚಾಲಿತ ಬಂದೂಕುಗಳಲ್ಲಿ ಹೆಚ್ಚಿನವುಗಳನ್ನು ನಿಷೇಧಿಸಿತು. 50 ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಬೆಲೆಕಟ್ಟಿ ಕೊಂಡಿತು. ಬೆಳೆಗೆ ಹಾನಿಮಾಡುವ ಪ್ರಾಣಿಗಳನ್ನು ನಿಯಂತ್ರಿಸುವವರಿಗೆ ವಿನಾಯಿತಿ ನೀಡಿತು. ಅಲ್ಲಿ ರೈತನನ್ನು ಕೊಲೆಗಡುಕನಿಂದ ಬೇರ್ಪಡಿಸಿ ನೋಡುವ ಕಷ್ಟವನ್ನು ಸರಕಾರ ತೆಗೆದುಕೊಂಡಿತು. ನಮ್ಮಲ್ಲಿ ಆ ಕಷ್ಟವೇ ಬೇಡವೆಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ.

ದೂರ ಹೋಗುವುದೇ ಬೇಡ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯಿಂದಲೇ ವಿನಾಯಿತಿ ಇದೆ. ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ನಮಗೆ ಆ ವಿನಾಯಿತಿ ಬೇಕೆಂದು ನಾನು ಕೇಳುತ್ತಿಲ್ಲ. ಕೇರಳದಲ್ಲಿ 2022ರಲ್ಲಿ, ಬೆಳೆ ನಾಶಮಾಡುವ ಕಾಡುಹಂದಿಯನ್ನು ಪರವಾನಗಿಯುಳ್ಳ ಕೋವಿಗಾರರಿಂದ ಹೊಡೆಸಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ ಅಧ್ಯಕ್ಷರಿಗೇ ನೀಡಿದರು. ಹೊಡೆಯುವವನು ಯಾರು, ಹೊಡೆದದ್ದು ಎಲ್ಲಿ, ಕಳೇಬರವನ್ನು ಹೂಳಿದ್ದು ಹೇಗೆ ಎಂದು ದಾಖಲೆ ಇರುತ್ತದೆ. ಅಲ್ಲಿಯೂ ಆಕ್ಷೇಪಗಳಿವೆ. ಆದರೂ ಕಾಡಿನಲ್ಲಿ ಕುರುಡಾಗಿ ಕಾಯುವ ಉರುಳಿಗಿಂತ ಕಣ್ಣುಳ್ಳ ಮನುಷ್ಯನೇ ಮೇಲಲ್ಲವೇ?

ಈಗ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಕೋವಿಯ ಪರವಾನಗಿಗಾಗಿ ಅರ್ಜಿ ಹಾಕಿದವರೊಬ್ಬರು ನಡತೆಯ ಪತ್ರ ಕೇಳಿಕೊಂಡು ಬಂದರು. ಬೆಳೆ ರಕ್ಷಣೆಗೆಂದರು. ನಾನು ಎರಡು ಮಾತು ಕೇಳದೆ, ಮುದ್ರೆ ಒತ್ತಿ ಬರೆದುಕೊಟ್ಟೆ. ಮರುವರ್ಷ ಅವರ ಮನೆಯಲ್ಲಿ ಮಗನ ಮದುವೆಯ ರೋಸ್. ಊಟದಲ್ಲಿ ಬಡಿಸಿದ ಮಾಂಸ ಊರಹಂದಿಯದಲ್ಲವೆಂದು ಮೊದಲ ತುತ್ತಿಗೇ ತಿಳಿಯಿತು. ಎಲ್ಲಿಯದೆಂದು ಕೇಳಿದೆ. ಸುತ್ತ ಕುಳಿತವರು ನಕ್ಕರು. ನಾನೂ ನಕ್ಕೆ, ಬಡಿಸಿದ್ದನ್ನು ಪೂರ್ತಿ ತಿಂದೆ. ಆಮೇಲೆ ತಿಳಿದುಬಂತು, ಆ ಕೋವಿ ವಾರಕ್ಕೆರಡು ರಾತ್ರಿ ನಾಲ್ಕು ಜನರ ತಂಡದೊಡನೆ ಬೆಟ್ಟ ಹತ್ತುತ್ತಿತ್ತು, ಮಾಂಸ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು. ಅಂಥ ತಂಡಗಳಲ್ಲಿ ಕತ್ತಲೆಯಲ್ಲಿ ಪೊದೆ ಅಲುಗಿತೆಂದು ಹೊಡೆದ ಗುಂಡು ಜೊತೆಗಾರನ ಎದೆಗೇ ತಗುಲಿದ ಸುದ್ದಿಗಳನ್ನು ಮಲೆನಾಡಿನಿಂದ ತಾವೂ ಓದಿರುತ್ತೀರಿ. ಆ ತಂಡಕ್ಕೆ ಹಾಗಾಗದಿದ್ದುದು ಅದೃಷ್ಟ.

ಅಂದು ನನ್ನ ನಗುವಿನಿಂದ ಆ ಬೇಟೆಗೆ ಧರ್ಮಕೇಂದ್ರದ ಮುದ್ರೆಯೂ ಬಿದ್ದಂತಾಯಿತು. ಇಂಥ ಪ್ರತಿಯೊಂದು ಬೇಟೆಯೂ ಸಾಲಿನಲ್ಲಿ ನಿಂತ ಅಜ್ಜನ ವಿರುದ್ಧ ಅಧಿಕಾರಿಗಳ ಕೈಗೆ ನಾವು ಕೊಡುವ ಸಾಕ್ಷಿ. ಬೆಳೆ ರಕ್ಷಣೆಯೆಂಬ ಪದದಲ್ಲಿ ‘ಪ್ರಾಮಾಣಿಕ’ ಎಂಬ ವಿಶೇಷಣವನ್ನು ಕಾನೂನು ಸುಮ್ಮನೆ ಸೇರಿಸಿಲ್ಲ. ಪರವಾನಗಿ ಪತ್ರದಲ್ಲಿ ಪ್ರದೇಶವನ್ನು ನಮೂದಿಸುವುದೂ ಅದಕ್ಕಾಗಿಯೇ. ತನ್ನ ತೋಟ ಬಿಟ್ಟು ಮೂರು ಮೈಲಿ ದೂರದ ಕಾಡಿನಲ್ಲಿ ಟಾರ್ಚು ಕಟ್ಟಿಕೊಂಡು ಅಲೆಯುವವನು ಯಾವ ಬೆಳೆಯನ್ನು ರಕ್ಷಿಸುತ್ತಿದ್ದಾನೆ?

ಅಷ್ಟರಮೇಲೆ, ಕೋವಿಯ ಸಾಲಿನಲ್ಲಿ ನಿಲ್ಲುವ ಭಾಗ್ಯವೂ ಇಲ್ಲದ ಒಂದು ದೊಡ್ಡ ವರ್ಗ ನಮ್ಮ ನಡುವೆ ಇದೆ. ಅವರನ್ನು ಅತಿಕ್ರಮಣದಾರರೆಂದು ಕರೆಯುತ್ತಾರೆ. ಅಜ್ಜನ ಕಾಲದಿಂದ ಉಳುತ್ತಿರುವ ಅರ್ಧ ಎಕರೆ, ಒಂದು ಎಕರೆ. ಕಾಗದದಲ್ಲಿ ಅದು ಅರಣ್ಯ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ, ಮೂರು ತಲೆಮಾರಿನ ಸಾಕ್ಷ್ಯ ತನ್ನಿ ಎಂಬ ಮಾತಿಗೆ ಸೋತು ಕುಳಿತವರು ನೂರಾರು ಕುಟುಂಬಗಳಲ್ಲಿದ್ದಾರೆ. ಪಹಣಿ ಇಲ್ಲದವನಿಗೆ ಬೆಳೆ ರಕ್ಷಣೆಯ ಕೋವಿ ಯಾರು ಕೊಡುತ್ತಾರೆ? ನಷ್ಟದ ಪರಿಹಾರ ಕೇಳಲು ಹೋದರೂ ಮೊದಲು ಕೇಳುವುದು ಪಹಣಿಯನ್ನೇ. ಕಾನೂನಿನ ಕಣ್ಣಿಗೆ ಅವನ ಬೆಳೆಯೇ ಇಲ್ಲ, ಹಂದಿಯ ಕಣ್ಣಿಗೆ ಮಾತ್ರ ಇದೆ. ಉರುಳಿನ ತಂತಿ, ಸಿಡಿಮದ್ದಿನ ಉಂಡೆ, ಕುಲುಮೆಯಲ್ಲಿ ಮಾಡಿಸಿದ ನಾಡಬಂದೂಕು ಹೆಚ್ಚಾಗಿ ಸಿಗುವುದು ಇಂಥವರ ಮನೆಯಲ್ಲಿ ಎಂದರೆ ಆಶ್ಚರ್ಯವಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ. ಮಹಾನಗರದ ಪಾತಕಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಶಿಕ್ಷೆ ಅದು. ಸಿಕ್ಕಿಬೀಳುವವನು ಮಾತ್ರ ಕುಲುಮೆಯ ಬಡ ಆಚಾರಿಯೂ ಆಗಬಹುದು. ಅದೇ ತಿದ್ದುಪಡಿ ಒಬ್ಬನಿಗೆ ಮೂರರ ಬದಲು ಎರಡೇ ಕೋವಿ ಎಂದು ಮಿತಿಗೊಳಿಸಿತು. ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮೊದಲನೆಯದರಿಂದ ನಮ್ಮವರಿಗೆ ನಷ್ಟವಿಲ್ಲ, ಎರಡು ಕೋವಿ ಕಂಡ ರೈತ ನನಗೆ ಗೊತ್ತಿಲ್ಲ. ಎರಡನೆಯದು ಉಪಕಾರವೇ ಸರಿ. ಕಾರವಾರಕ್ಕೆ ಎರಡು ಪ್ರಯಾಣ ಉಳಿಯಿತು.

ಹಾಗಾದರೆ ನಾನು ಕೇಳುವುದೇನು? ಪರಿಶೀಲನಾ ಸಮಿತಿ ತನ್ನ ಹೆಸರಿಗೆ ತಕ್ಕಂತೆ ಪರಿಶೀಲಿಸಲಿ. ಮತದಾನಕ್ಕೆ ಬಹಳ ಮೊದಲೇ ಬೆಳೆ ರಕ್ಷಣೆಯ ಪರವಾನಗಿದಾರರ ಪಟ್ಟಿಯನ್ನು ಠಾಣಾವಾರು ನೋಡಿ, ಯಾರ ಮೇಲೆ ಯಾವ ಪ್ರಕರಣವೂ ಇಲ್ಲವೋ ಅವರ ಕೋವಿಯನ್ನು ಅವರ ಮನೆಯಲ್ಲಿಯೇ ಬಿಡಲಿ. ಭಟ್ಕಳ ಪಟ್ಟಣದ ಪೇಟೆಗೆ ಒಂದು ಅಳತೆ, ಕಾಡಂಚಿನ ಮಜಿರೆಗೆ ಇನ್ನೊಂದು ಅಳತೆ ಇರುವುದು ಪಕ್ಷಪಾತವಲ್ಲ. ಇಟ್ಟುಕೊಳ್ಳಲೇಬೇಕಾದ ಕೋವಿಯನ್ನು ಎಣ್ಣೆ ಹಚ್ಚಿ ಒಣಜಾಗದಲ್ಲಿಟ್ಟು, ಕೊಟ್ಟ ಸ್ಥಿತಿಯಲ್ಲಿಯೇ ಹಿಂದಿರುಗಿಸಲಿ. ಕೋವಿ ಇಲ್ಲದ ಆ ಮೂರು ತಿಂಗಳು ಸೌರಬೇಲಿಗೋ ತೋಟ ಕಾಯುವ ಆಳಿಗೋ ಏನಾದರೂ ನೆರವು ಕೊಡಲಿ. ಇದು ಸರಕಾರಕ್ಕೆ.

ತಮ್ಮಲ್ಲಿ ಕೇಳುವುದು ಇನ್ನೂ ಸ್ವಲ್ಪ ಕಷ್ಟದ್ದು. ಮುಂದಿನ ಚುನಾವಣೆ ಘೋಷಣೆಯಾಗುವ ಮುನ್ನವೇ, ಪರವಾನಗಿಯ ಪ್ರತಿ, ಪಹಣಿ, ಆಧಾರ್ ಚೀಟಿ ಹಿಡಿದುಕೊಂಡು ಭಾನುವಾರದ ಎರಡನೆಯ ಬಲಿಪೂಜೆಯ ನಂತರ ಕಚೇರಿಗೆ ಬನ್ನಿ. ಕ್ರೈಸ್ತರೇ ಆಗಬೇಕೆಂದಿಲ್ಲ, ತಮ್ಮ ನೆರೆಮನೆಯ ಗೌಡರನ್ನೂ ನಾಯ್ಕರನ್ನೂ ಹೆಗಡೆಯವರನ್ನೂ ಸಾಹೇಬರನ್ನೂ ಕರೆತನ್ನಿ. ಸಮಿತಿಗೆ ಅರ್ಜಿಯನ್ನು ಒಟ್ಟಾಗಿ ಬರೆಯೋಣ. ಬರೆಯುವ ಕೆಲಸ ನನ್ನದು, ಒಬ್ಬ ವಕೀಲರು ಉಚಿತವಾಗಿ ನೋಡಿಕೊಡಲು ಒಪ್ಪಿದ್ದಾರೆ. ಆದರೆ ನಡತೆಯ ಪತ್ರವನ್ನು ನಾನು ಇನ್ನು ಮುಂದೆ ಮೊದಲಿನಂತೆ ಕೊಡುವುದಿಲ್ಲ. ಮೊದಲು ತಮ್ಮ ತೋಟಕ್ಕೆ ಬರುತ್ತೇನೆ, ಬೇಲಿಯ ಸುತ್ತ ಒಂದು ಸುತ್ತು ನಡೆಯುತ್ತೇನೆ. ಬರುವ ಮೊದಲೇ ತಂತಿಗಳನ್ನು ಬಿಚ್ಚಿಟ್ಟಿರಿ. ಬಿಚ್ಚಿದ ಉರುಳುಗಳನ್ನು ಕಚೇರಿಯ ಹಿಂದಿನ ಕೋಣೆಯಲ್ಲಿ ಹಾಕಲು ಒಂದು ಡ್ರಮ್ಮು ಇರಿಸಿದ್ದೇನೆ. ಯಾರು ತಂದು ಹಾಕಿದರೆಂದು ನಾನು ಕೇಳುವುದಿಲ್ಲ. ಸಿಡಿಮದ್ದನ್ನು ಮಾತ್ರ ಯಾರೂ ಕೈಯಲ್ಲಿ ಹಿಡಿದು ತರಬೇಡಿ. ಅದಿರುವ ಜಾಗವನ್ನು ನನಗೆ ತಿಳಿಸಿ, ನಾನು ಪೊಲೀಸರಿಗೆ ಹೇಳುತ್ತೇನೆ. ಹೆಸರು ಕೇಳಿದರೆ, ಮರೆತೆನೆನ್ನುವ ವಯಸ್ಸು ನನಗೂ ಆಗಿದೆ.